ಬದಿಯಡ್ಕದ ಈ ಅಂಗಡಿಯಲ್ಲಿ ಉಪ್ಪನ್ನು ಸರಿಯಾಗಿ ಮಾರುತ್ತಾರೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಒಂದು ಹಳೆಯ ಜೀನಸು ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ. ಅಕ್ಕಿ, ಬೇಳೆ, ಮೆಣಸು ಎಲ್ಲ ಸಿಗುತ್ತದೆ, ರೇಟು ಬೇರೆ ಅಂಗಡಿಗಳಷ್ಟೇ. ನನಗೆ ಇಷ್ಟವಾದದ್ದು ಅವರು ಉಪ್ಪು ಮಾರುವ ಕ್ರಮ.

ನಮ್ಮ ಕಡೆ ಉಪ್ಪು ಅಡುಗೆಗೆ ಮಾತ್ರ ಅಲ್ಲ ಅಲ್ವಾ, ತೆಂಗಿನ ಬುಡಕ್ಕೂ ಬೇಕು. ಹಾಗಾಗಿ ಎಷ್ಟೋ ಅಂಗಡಿಗಳಲ್ಲಿ ಕಲ್ಲುಪ್ಪಿನ ಗೋಣಿ ಬಾಗಿಲಲ್ಲೇ ತೆರೆದಿರುತ್ತದೆ, ತೋಟಕ್ಕೆ ಅಂತ ಕೇಳಿದವರಿಗೂ ಗಂಜಿಗೆ ಅಂತ ಕೇಳಿದವರಿಗೂ ಅದರಿಂದಲೇ ಗೆರಟೆಯಲ್ಲಿ ಬಾಚಿ ತೊಟ್ಟೆಗೆ ಹಾಕಿ ಕೊಡುತ್ತಾರೆ. ಇದು ತಪ್ಪು. ಅಯೋಡಿನ್ ಸೇರಿಸದ ಉಪ್ಪನ್ನು ಊಟಕ್ಕೆ ಅಂತ ಮಾರಬಾರದು ಎಂಬ ನಿಯಮ 2006ರ ಮೇ ತಿಂಗಳಿನಿಂದ ದೇಶವಿಡೀ ಇದೆ. ದನಗಳಿಗೆ, ಕಾರ್ಖಾನೆಗೆ ಮಾರಬಹುದು, ಆದರೆ ಯಾವುದಕ್ಕೆ ಎಂದು ಚೀಲದ ಮೇಲೆ ಬರೆದಿರಬೇಕು.

ಇಲ್ಲಿ ತೋಟದ ಉಪ್ಪು ಹಿಂದಿನ ಗೋಡೌನಿನಲ್ಲಿ, ಗೊಬ್ಬರದ ಪಕ್ಕ ಇದೆ. ಮೇಲೊಂದು ರಟ್ಟು, ಅದರಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ದಪ್ಪ ಅಕ್ಷರದಲ್ಲಿ "ತೆಂಗಿಗೆ ಮಾತ್ರ". ನಾನಿದ್ದಾಗಲೇ ಒಬ್ಬರು ಅಜ್ಜಿ ಬಂದು ಗೋಣಿಯ ಉಪ್ಪು ಕೇಳಿದರು. "ಅಡುಗೆಗಾದರೆ ಅದು ಬೇಡ ಅಜ್ಜಿ, ಕಲ್ಲುಪ್ಪೇ ಬೇಕಿದ್ದರೆ ಪ್ಯಾಕೆಟಿನದ್ದು ಉಂಟು" ಅಂದರು ಅಂಗಡಿಯವರು. "ಕಡಲು ಇಲ್ಲೇ ಉಂಟಲ್ಲ ಮಗಾ, ನಮಗೆಂಥ ಅಯೋಡಿನ್?" ಅಂತ ಅಜ್ಜಿ. ಇದು ಅವರೊಬ್ಬರ ಮಾತಲ್ಲ, ಓದಿದವರೂ ಹೀಗೇ ಹೇಳುತ್ತಾರೆ. ಆದರೆ ಕಡಲ ನೀರು ಒಣಗಿಸಿ ತೆಗೆದ ಉಪ್ಪಿನಲ್ಲಿ ಅಯೋಡಿನ್ ಉಳಿಯುವುದು ತೀರಾ ಕಡಿಮೆ. ನಮ್ಮ ಮಳೆಗೆ ಮಣ್ಣಿನಲ್ಲಿ ಇದ್ದದ್ದೂ ತೊಳೆದು ಹೋಗುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಬರೀ 150 ಮೈಕ್ರೋಗ್ರಾಂ, ಬಸುರಿಯರಿಗೆ 250. ಅಷ್ಟೂ ಸಿಗದೆ ಹೋದರೆ ಕುತ್ತಿಗೆ ಊದಿಕೊಳ್ಳುವ ಗಳಗಂಡ ಬರುವುದು ಒಂದು ಕಡೆ, ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯುವುದಕ್ಕೇ ಪೆಟ್ಟು ಬೀಳುತ್ತದೆ. ಇಷ್ಟು ಅಗ್ಗದಲ್ಲಿ ತಪ್ಪಿಸಬಹುದಾದ ತೊಂದರೆ ಇದು, ಅದಕ್ಕೇ ಸುಮ್ನೆ ಇರಲು ಮನಸ್ಸಾಗುವುದಿಲ್ಲ. ಅಂಗಡಿಯವರು ಬೇಸರ ಮಾಡದೆ ಅಜ್ಜಿಗೆ ಇದನ್ನೆಲ್ಲ ಹೇಳಿ ಪ್ಯಾಕೆಟ್ ಕೊಟ್ಟರು. ಹಿಂದೆ ಕ್ಯೂ ಇತ್ತು, ಆದರೂ ಹೇಳಿದರು.

ನಾನು ತಂದದ್ದು ತೂತ್ತುಕುಡಿ ಕಡೆಯ ಕಲ್ಲುಪ್ಪು, 1 ಕಿಲೋ ಪ್ಯಾಕೆಟ್. ಅಯೋಡಿನ್ ಸೇರಿಸಿದ ಉಪ್ಪಿಗೆ ಹಾಕುವ ನಗುವ ಸೂರ್ಯನ ಗುರುತು ಇದೆ, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆ. ಗ್ರಾಹಕರ ಕೈಗೆ ಬರುವಾಗ ಕನಿಷ್ಠ 15 ಪಿಪಿಎಂ, ಅಂದರೆ ಕಿಲೋ ಉಪ್ಪಿನಲ್ಲಿ 15 ಮಿಲಿಗ್ರಾಂ ಅಯೋಡಿನ್ ಇರಬೇಕು. ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯ ಹತ್ತಿರ ಉಪ್ಪಿನಲ್ಲಿ ಅಯೋಡಿನ್ ಇದೆಯಾ ಎಂದು ನೋಡುವ ಪರೀಕ್ಷೆಯ ಕಿಟ್ ಇತ್ತು, ಕೇಳಿದೆ. ಒಂದು ಚಮಚ ಉಪ್ಪು ಪುಡಿಮಾಡಿ ತಟ್ಟೆಯಲ್ಲಿ ಹರಡಿ ಒಂದು ಹನಿ ಬಿಟ್ಟರು. ಹನಿ ಬಿದ್ದಲ್ಲಿ ಕೂಡಲೇ ನೇರಳೆ ಬಣ್ಣ, ಅಂದರೆ ಅಯೋಡಿನ್ ಇದೆ. ಪಕ್ಕದ ಮನೆಯವರು ಬೇರೆ ಕಡೆಯಿಂದ ತಂದ ತೊಟ್ಟೆ ಉಪ್ಪಿಗೂ ಬಿಟ್ಟು ನೋಡಿದರು, ಅದು ಒದ್ದೆಯಾಯಿತು ಅಷ್ಟೇ, ಬಿಳಿಯಾಗಿಯೇ ಉಳಿಯಿತು.

ಮಾವಿನ ಮಿಡಿಗೂ ಇದನ್ನೇ ಹಾಕಿದ್ದೇವೆ. ಬಣ್ಣ ಕೆಟ್ಟಿಲ್ಲ, ಮಿಡಿ ಮೆತ್ತಗೂ ಆಗಿಲ್ಲ.

ಕೊರತೆ ಎರಡು. ಪ್ಯಾಕೆಟಿನಲ್ಲಿ ತಮಿಳು, ಮಲಯಾಳ, ಇಂಗ್ಲಿಷ್ ಎಲ್ಲ ಇದೆ, ಕನ್ನಡ ಒಂದಕ್ಷರ ಇಲ್ಲ. ಇಲ್ಲಿ ಕನ್ನಡ ಮಾತ್ರ ಓದಲು ಬರುವ ಹಿರಿಯರು ಎಷ್ಟು ಜನ ಇದ್ದಾರೆ! ಇದು ಪ್ಯಾಕ್ ಮಾಡುವವರು ನೋಡಬೇಕಾದದ್ದು. ಇನ್ನೊಂದು ಅಂಗಡಿಯವರದ್ದೇ: ಉಪ್ಪಿನ ಪ್ಯಾಕೆಟುಗಳನ್ನು ಬೆಳಗ್ಗಿನ ಬಿಸಿಲು ಬೀಳುವ ರ‍್ಯಾಕಿನಲ್ಲಿ ಇಟ್ಟಿದ್ದಾರೆ. ಬಿಸಿಲಿಗೂ ತೇವಕ್ಕೂ ಅಯೋಡಿನ್ ಕಡಿಮೆಯಾಗುತ್ತಾ ಹೋಗುತ್ತದೆ, ಒಳಗೆ ಇಡಿ ಎಂದು ಹೇಳಿ ಬಂದಿದ್ದೇನೆ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಪುಡಿ ಉಪ್ಪು ಯಾವಾಗಲೂ ಇರುತ್ತದೆ, ಕಲ್ಲುಪ್ಪಿನ ಪ್ಯಾಕೆಟ್ ಮಿಡಿಯ ಸಮಯದಲ್ಲಿ ಬೇಗ ಖಾಲಿಯಾಗುತ್ತದೆ, ಜಾಸ್ತಿ ಬೇಕಿದ್ದರೆ ಮೊದಲೇ ಹೇಳಿಟ್ಟು ಹೋಗಿ.