ಹಳೆಯ ಕಾರಿನ ಹೀಟರ್ ಕೇಬಲ್‌ಗೆ ಲಿಥಿಯಂ ಗ್ರೀಸೋ, ಸಿಲಿಕೋನ್ ಗ್ರೀಸೋ?

ಮಂಗಳೂರಿನಲ್ಲಿ ಕಾರಿನ ಹೀಟರ್ ಬೇಕಾಗುವುದು ಅಪರೂಪ. ಹೀಗೆ ತಿಂಗಳುಗಟ್ಟಲೆ ಅಲುಗಾಡದೆ ಉಳಿದ ಕೇಬಲ್ (ಡ್ಯಾಶ್‌ಬೋರ್ಡಿನ ಲಿವರನ್ನು ಹೀಟರಿಗೆ ಜೋಡಿಸುವ, ಕವಚದೊಳಗೆ ಜಾರುವ ತಂತಿ), ಕಡಲ ಉಪ್ಪುಗಾಳಿಗೂ ಮಳೆಗಾಲದ ತೇವಕ್ಕೂ ಸಿಕ್ಕಿ, ಕವಚದೊಳಗೇ ತುಕ್ಕು ಹಿಡಿದು ಬಿಗಿಯುತ್ತದೆ. ಆಗ ಲಿವರನ್ನು ಬಲವಂತವಾಗಿ ತಳ್ಳಿದರೆ ತಂತಿ ಬಾಗುತ್ತದೆ, ಇಲ್ಲವೇ ಹಳೆಯ ಪ್ಲಾಸ್ಟಿಕ್ ನಾಬ್ ಮುರಿಯುತ್ತದೆ.

ಲೋಹಕ್ಕೆ ಲೋಹ ಉಜ್ಜುವ ಕೀಲುಗಳಿಗೆ, ಒತ್ತಡದಲ್ಲೂ ಜಾಗ ಬಿಟ್ಟು ಸರಿಯದ ಬಿಳಿ ಲಿಥಿಯಂ ಗ್ರೀಸ್ ಮೇಲು; ಆದರೆ ಅದರಲ್ಲಿನ ಖನಿಜ ತೈಲ ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ. ಸಿಲಿಕೋನ್ ಗ್ರೀಸ್ ಸಾಮಾನ್ಯವಾಗಿ ರಬ್ಬರಿಗೂ ಪ್ಲಾಸ್ಟಿಕ್ಕಿಗೂ ಹಾನಿ ಮಾಡದು, ನೀರನ್ನೂ ತಡೆಯುತ್ತದೆ. ಲೋಹಗಳ ನಡುವೆ ಮಾತ್ರ ಅದರ ಕಸುವು ಕಡಿಮೆ. ಡಬ್ಲ್ಯೂಡಿ-40 ಎಂಬ ಸ್ಪ್ರೇ ತುಕ್ಕನ್ನು ಸಡಿಲಿಸುತ್ತದೆಯೇ ಹೊರತು ಬಹುಕಾಲ ನಿಲ್ಲುವುದಿಲ್ಲ.

ಕರಾವಳಿಯವರು ಒಂದನ್ನೇ ಕೊಳ್ಳುವುದಾದರೆ ಸಿಲಿಕೋನನ್ನೇ ಆರಿಸಲಿ ಎಂಬುದು ನನ್ನ ಅಭಿಪ್ರಾಯ. ಹಚ್ಚಿದ ಮೇಲೂ ತಿಂಗಳಿಗೊಮ್ಮೆ ಲಿವರನ್ನು ಈ ಕೊನೆಯಿಂದ ಆ ಕೊನೆಗೆ ಆಡಿಸಬೇಕು.