ಎಆರ್‌ಟಿ ತೆಗೆದುಕೊಳ್ಳುವವರಿಗೆ ಇ-ಸಂಜೀವಿನಿ: ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ಇ-ಸಂಜೀವಿನಿ ಎಚ್‌ಐವಿಗೆಂದೇ ಮಾಡಿದ ಸೇವೆಯಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಈ ಉಚಿತ ವಿಡಿಯೊ ಓಪಿಡಿಯನ್ನು ಕಟ್ಟಿದ್ದು ಮೊಹಾಲಿಯ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್. ಮನೆಯಲ್ಲಿ ಕೂತೇ ವೈದ್ಯರನ್ನು ಕಾಣುವ ಭಾಗ 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ ಶುರುವಾಯಿತು. ಎಚ್‌ಐವಿ ಇರುವವರು ಇದನ್ನು ಬಳಸಬಹುದೇ? ಧಾರಾಳವಾಗಿ. ಆದರೆ ಎಚ್‌ಐವಿ ಚಿಕಿತ್ಸೆಯ ಮಾತ್ರೆ (ಎಆರ್‌ಟಿ) ಕೊಡುವ ಎಆರ್‌ಟಿ ಸೆಂಟರ್‌ಗೆ ಹೋಗುವ ಬದಲಿಗಲ್ಲ, ಎರಡು ಭೇಟಿಗಳ ನಡುವಿನ ತಿಂಗಳುಗಳಿಗೆ.

ಆರೋಗ್ಯ ಸ್ಥಿರವಾಗಿರುವವರಿಗೆ ಈಗ ಒಮ್ಮೆಲೇ ಮೂರು ತಿಂಗಳ ಮಾತ್ರೆ ಸಿಗುತ್ತದೆ. ಓಡಾಟ ತಪ್ಪಿತು, ನಿಜ. ಆದರೆ ಆ ಮೂರು ತಿಂಗಳಲ್ಲಿ ಜ್ವರ ಬರುತ್ತದೆ, ಹೊಟ್ಟೆಯುರಿ ಬರುತ್ತದೆ, ಊರಿನ ಮೆಡಿಕಲ್ ಶಾಪ್‌ನಿಂದ ಏನೋ ಮಾತ್ರೆ ಬರುತ್ತದೆ. ಚಿಕಿತ್ಸೆಯ ದಾರ ಸಡಿಲವಾಗುವುದು ಬಹುಪಾಲು ಇಲ್ಲೇ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜ್ ಉಳಿದಿರಬಹುದು, ಕಳೆದುಹೋಗುವ ಒಂದು ದಿನದ ಕೂಲಿ ಉಳಿಯುವುದಿಲ್ಲ.

ಬಳಸುವ ಕ್ರಮ ಕಷ್ಟದ್ದಲ್ಲ. ಆ್ಯಪ್ ಅಥವಾ ವೆಬ್‌ಸೈಟ್‌ನಲ್ಲಿ ಮೊಬೈಲ್ ನಂಬರ್ ಕೊಟ್ಟು ಓಟಿಪಿ ಹಾಕಬೇಕು. ಹೆಸರು, ವಯಸ್ಸು, ತೊಂದರೆ ಏನೆಂದು ತುಂಬಿ, ರಾಜ್ಯ ಮತ್ತು ಓಪಿಡಿ ಆರಿಸಿದರೆ ಟೋಕನ್ ಬರುತ್ತದೆ. ಸರದಿ ಬಂದಾಗ ಕರೆಗೆ ಸೇರಬೇಕು, ಮುಗಿದ ಮೇಲೆ ಚೀಟಿ ಫೋನಿಗೇ ಬರುತ್ತದೆ. ಲ್ಯಾಬ್ ರಿಪೋರ್ಟ್‌ಗಳನ್ನು ಮೊದಲೇ ಅಪ್‌ಲೋಡ್ ಮಾಡಬಹುದು, ಮಾಡಿ. ಕಿಟಕಿಗೆ ಬೆನ್ನು ಹಾಕಿ ಕೂತರೆ ವೈದ್ಯರಿಗೆ ಕಾಣುವುದು ನಿಮ್ಮ ನೆರಳು ಮಾತ್ರ. ಚರ್ಮದ ಗುಳ್ಳೆ, ಬಾಯೊಳಗಿನ ಬಿಳಿ ಪದರ ತೋರಿಸಬೇಕಿದ್ದರೆ ಬೆಳಕು ಮುಖದ ಮೇಲೆ ಬೀಳಲಿ.

ಜನರಲ್ ಓಪಿಡಿ ಆರಿಸಿದರೆ ಸಿಗುವವರು ಜನರಲ್ ಡಾಕ್ಟರ್. ನಿಮ್ಮ ಎಆರ್‌ಟಿ ಇತಿಹಾಸ ಅವರ ಮುಂದಿರುವುದಿಲ್ಲ. ಇಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಮುಜುಗರದಿಂದ: 'ಬಿಪಿ, ಶುಗರ್ ಏನೂ ಇಲ್ಲ' ಎಂದು ಹೇಳಿ ಎಚ್‌ಐವಿ ವಿಷಯ ನುಂಗಿಬಿಡುವುದು. ಈಗ ಬಹುತೇಕರು ತೆಗೆದುಕೊಳ್ಳುವ ಟಿಎಲ್‌ಡಿ ಮಾತ್ರೆಯಲ್ಲಿ ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಇರುತ್ತದೆ. ಇದರಲ್ಲಿ ಡೊಲುಟೆಗ್ರಾವಿರ್‌ಗೆ ಸಹವಾಸದೋಷ ಜಾಸ್ತಿ. ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಅಸಿಡಿಟಿ ಸಿರಪ್ ಜೊತೆಗೆ ಹೋದರೆ ಹೊಟ್ಟೆಯಲ್ಲೇ ಅದಕ್ಕೆ ಅಂಟಿಕೊಂಡು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಸಿರಪ್‌ಗೆ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಟಿಎಲ್‌ಡಿ ನುಂಗಬೇಕು. ಬಸುರಿಯರಿಗೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಇದೇ ಅಂತರ. ಆದರೆ ಊಟದ ಜೊತೆಗಾದರೆ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಯನ್ನು ಟಿಎಲ್‌ಡಿ ಜೊತೆ ಒಟ್ಟಿಗೆ ತೆಗೆದುಕೊಳ್ಳಬಹುದು, ಅಸಿಡಿಟಿ ಸಿರಪ್‌ಗೆ ಈ ವಿನಾಯಿತಿ ಇಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಇದ್ದರೆ ದಿನಕ್ಕೆ 1000 ಮಿಲಿಗ್ರಾಂ ದಾಟಬಾರದು. ಟಿಬಿಗೆ ರಿಫಾಂಪಿಸಿನ್ ಶುರುವಾದರೆ 12 ಗಂಟೆ ಬಿಟ್ಟು ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಬೇಕು, ಅದನ್ನು ಕೊಡುವುದು ಎಆರ್‌ಟಿ ಸೆಂಟರ್. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಕೂಡ ಇದರ ಬಲ ತಗ್ಗಿಸುತ್ತವೆ. ಆದ್ದರಿಂದ ಕರೆಗೆ ಮುನ್ನ ಗ್ರೀನ್ ಬುಕ್ (ಎಆರ್‌ಟಿ ಸೆಂಟರ್ ಕೊಟ್ಟ ಚಿಕಿತ್ಸೆಯ ಪುಸ್ತಕ), ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಸಿರಪ್ ಬಾಟಲಿ, ನಾಟಿ ಔಷಧಿ ಪೊಟ್ಟಣ ಸಹಿತ ಮುಂದಿಟ್ಟುಕೊಂಡು ಒಂದೊಂದಾಗಿ ಕ್ಯಾಮೆರಾಕ್ಕೆ ಹಿಡಿಯಿರಿ. ಬರೀ ಫೋನ್ ಮಾತಿಗಿಂತ ವಿಡಿಯೊ ಮೇಲು ಎನ್ನುವುದು ಇದೊಂದೇ ಕಾರಣಕ್ಕಾದರೂ ಸರಿ.

ಮಾತ್ರೆ ಎಣಿಕೆಗೆ ಮಾತ್ರ ಇ-ಸಂಜೀವಿನಿ ಬೇಡ. ಪ್ರತಿಸಲ ಹೊಸ ಮುಖದ ಮುಂದೆ ಬಾಟಲಿ ಸುರಿದು ಎಣಿಸಿ ಏನು ಪ್ರಯೋಜನ? ಅದಕ್ಕೆ ನಿಮ್ಮ ಸೆಂಟರ್‌ನ ಆಪ್ತಸಮಾಲೋಚಕರ ಸಾದಾ ವಿಡಿಯೊ ಕರೆಯೇ ಉತ್ತಮ. ಲೆಕ್ಕ ಹೀಗೆ: 90 ಮಾತ್ರೆ ತಂದು 60 ದಿನವಾಗಿದ್ದರೆ 30 ಉಳಿದಿರಬೇಕು. 36 ಉಳಿದಿದ್ದರೆ 6 ತಪ್ಪಿವೆ, ಅಂದರೆ 60ರಲ್ಲಿ 54 ನುಂಗಿದ್ದೀರಿ, ಶೇ 90. ಬೇಕಾದದ್ದು ಶೇ 95ಕ್ಕಿಂತ ಹೆಚ್ಚು. ಸಮಾಲೋಚಕರು 'ಯಾಕೆ ತಪ್ಪಿಸಿದಿರಿ' ಎಂದು ಶುರುಮಾಡಿದರೆ ಮುಂದಿನ ಸಲ ಬಾಟಲಿಯಲ್ಲಿ ಲೆಕ್ಕ ಸರಿಯಾಗಿಯೇ ಇರುತ್ತದೆ, ಹೆಚ್ಚಿನದು ಮಣ್ಣಿಗೆ ಹೋಗಿರುತ್ತದೆ. 'ಯಾವ ಹೊತ್ತಿಗೆ ಮರೆಯುತ್ತದೆ' ಎಂದು ಕೇಳಿದರೆ ಉತ್ತರ ಬರುತ್ತದೆ: ರಾತ್ರಿ ಪಾಳಿ, ಮದುವೆ ಮನೆ, ನಾಲ್ಕು ದಿನ ತವರು. ಇಂಥ ಕರೆಯನ್ನು ಮಾತ್ರೆ ಮುಗಿಯುವ ಹತ್ತು ದಿನ ಮೊದಲು ಇಟ್ಟುಕೊಳ್ಳಿ. ಮುಗಿದ ಮೇಲೆ ಮಾಡುವ ಕರೆ ಬರೀ ಹುಡುಕಾಟ. ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು, ಟಿಬಿಯ ಈ ನಾಲ್ಕನ್ನೂ ಪ್ರತಿ ಕರೆಯಲ್ಲಿ ಕೇಳಲೇಬೇಕು.

ವಿಡಿಯೊದಿಂದ ಆಗದ್ದು ರಕ್ತಪರೀಕ್ಷೆ. ಚಿಕಿತ್ಸೆ ಶುರುವಾದ 6ನೇ ತಿಂಗಳು, 12ನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡಬೇಕು. ಟೆನೊಫೊವಿರ್ ಇರುವುದರಿಂದ ಕಿಡ್ನಿಗೆ ಕ್ರಿಯಾಟಿನಿನ್ ಕೂಡ. ಎಆರ್‌ಟಿ ಮಾತ್ರೆ ಸಿಗುವುದೂ ಎಆರ್‌ಟಿ ಸೆಂಟರ್ ಅಥವಾ ಅದಕ್ಕೆ ಸೇರಿದ ಲಿಂಕ್ ಎಆರ್‌ಟಿ ಸೆಂಟರ್‌ನಲ್ಲಿಯೇ, ಇ-ಸಂಜೀವಿನಿ ಚೀಟಿಗಲ್ಲ. ಉಸಿರಾಟದ ತೊಂದರೆ, ಫಿಟ್ಸ್, ಕತ್ತು ಬಿಗಿದು ತಲೆನೋವು, ಕಣ್ಣು ಮಂಜಾಗುವುದು, ಬಾಯಿಹುಣ್ಣಿನೊಂದಿಗೆ ಮೈತುಂಬ ಗಂಧೆ ಇದ್ದರೆ ಟೋಕನ್ ಕಾಯದೆ ನೇರ ಆಸ್ಪತ್ರೆಗೆ ಹೋಗಿ.

ನೆಟ್‌ವರ್ಕ್ ಬಗ್ಗೆ ಎಲ್ಲರೂ ಗೊಣಗುತ್ತಾರೆ. ಅದಕ್ಕಿಂತ ದೊಡ್ಡ ತೊಡಕು ಮನೆಯಲ್ಲಿ ಇರುವುದು ಒಂದೇ ಫೋನ್, ಅದೂ ಮಗನ ಕೈಯಲ್ಲಿ. ಓಟಿಪಿ ಅವನಿಗೆ ಬರುತ್ತದೆ, ಚೀಟಿ ಅವನ ಡೌನ್‌ಲೋಡ್ ಫೋಲ್ಡರ್‌ಗೆ ಬೀಳುತ್ತದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ ಒಪ್ಪಿಗೆ ಇಲ್ಲದೆ ಯಾರ ಎಚ್‌ಐವಿ ಸ್ಥಿತಿಯನ್ನೂ ಹೊರಗೆಡಹಬಾರದು ಎನ್ನುತ್ತದೆ. ಆಸ್ಪತ್ರೆಯನ್ನು ಕಾನೂನು ಕಟ್ಟಿಹಾಕೀತು, ಪಡಸಾಲೆಯ ಸ್ಪೀಕರ್ ಫೋನನ್ನಲ್ಲ. ಇಯರ್‌ಫೋನ್ ಹಾಕಿಕೊಳ್ಳಿ, ಹೊಲದ ಬದುವೋ ಮಹಡಿಯೋ ಇದ್ದರೆ ಅಲ್ಲಿ ಕೂತು ಮಾತಾಡಿ. ಕರೆ ಮಾಡುವ ಸಮಾಲೋಚಕರು ಮೊದಲು 'ಈಗ ಮಾತಾಡಬಹುದಾ?' ಎಂದಷ್ಟೇ ಕೇಳಲಿ, 'ಇಲ್ಲ' ಎಂದರೆ ಕರೆ ಅಲ್ಲಿಗೇ ನಿಲ್ಲಲಿ. ಯಾರಾದರೂ ಒಳಗೆ ಬಂದರೆ ಹೇಳಲು 'ಅಕ್ಕಿ ರೇಟು ಎಷ್ಟಾಯ್ತು' ಎಂಬಂಥ ಒಂದು ಮಾತನ್ನು ಇಬ್ಬರೂ ಮೊದಲೇ ಗೊತ್ತುಮಾಡಿಕೊಂಡಿರಿ. ಚೀಟಿಯಲ್ಲಿನ ಔಷಧಿ ತಂದ ಮೇಲೆ, ಅದನ್ನು ಗ್ರೀನ್ ಬುಕ್‌ಗೆ ಬರೆದುಕೊಂಡು ಫೋನಿನಿಂದ ಅಳಿಸಿ.

ಫೋನೇ ಇಲ್ಲದವರಿಗೆ ಈ ಸೇವೆಗೆ ಅಂಕ ಸೊನ್ನೆ, ಉಳಿದವರಿಗೆ ಐದರಲ್ಲಿ ಮೂರು. ಸುಮ್ಮನೆ ಏನಾದರೂ ಕೇಳಬೇಕಿದ್ದರೆ ಎಚ್‌ಐವಿ ಸಹಾಯವಾಣಿ 1097 ಇದೆ. ಅದಕ್ಕೆ ಓಟಿಪಿಯೂ ಬೇಡ, ಮುಖ ತೋರಿಸುವುದೂ ಬೇಡ.