ಒಂದು ಗಂಟೆಯಲ್ಲಿ ಸಿಕ್ಕ ಹೈಸ್ಕೂಲ್ ಡಿಪ್ಲೊಮಾ

ಅಮೆರಿಕದಲ್ಲಿ ಶಾಲೆ ಅರ್ಧಕ್ಕೆ ಬಿಟ್ಟು, ಈಗ ಕಾಲೇಜಿಗೆ ಹೋಗಬೇಕು ಅಂತಿರುವವರು ನಿಮ್ಮ ಪರಿಚಯದಲ್ಲಿ ಇದ್ದರೆ ಇದನ್ನು ಓದಿಸಿ. ಇಲ್ಲಿ ಹೈಸ್ಕೂಲ್ ಡಿಪ್ಲೊಮಾ ಅಂದರೆ ನಮ್ಮ ಪಾಲಿಟೆಕ್ನಿಕ್ ಡಿಪ್ಲೊಮಾ ಅಲ್ಲ. ಹನ್ನೆರಡನೇ ತರಗತಿ ಮುಗಿಸಿದ್ದಕ್ಕೆ ಕೊಡುವ ಪತ್ರ.

ನಾನು ಹನ್ನೊಂದರಲ್ಲೇ ಬಿಟ್ಟೆ. ಯಾಕೆ ಅನ್ನೋದು ಈಗ ಬೇಡ. ನಾಲ್ಕು ವರ್ಷ ಗೋದಾಮಿನಲ್ಲಿ ದುಡಿದ ಮೇಲೆ ಓದುವ ಆಸೆ ಬಂತು. ಎಸ್‌ಎಟಿ, ಅಂದರೆ ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆ, ಅದಕ್ಕೆ ಡಿಪ್ಲೊಮಾ ಕೇಳುವುದಿಲ್ಲ ಎಂದು ತಿಳಿದು ಕುಣಿದಾಡಿದೆ. ಆರು ತಿಂಗಳು ರಾತ್ರಿ ಕೂತು ಓದಿದೆ. 1600ಕ್ಕೆ 1240 ಬಂತು. ಅರ್ಜಿ ತುಂಬುವಾಗಲೇ ಗೊತ್ತಾಗಿದ್ದು, ಕಾಲೇಜಿನವರಿಗೆ ಶಾಲೆ ಮುಗಿಸಿದ ದಾಖಲೆಯೂ ಬೇಕು ಅಂತ.

ಆಗ ಕಣ್ಣಿಗೆ ಬಿದ್ದದ್ದು ಒಂದು ವೆಬ್‌ಸೈಟು. 249 ಡಾಲರ್ ಕಟ್ಟಿ, ಮನೆಯಲ್ಲೇ ಪರೀಕ್ಷೆ ಬರೆಯಿರಿ, ಡಿಪ್ಲೊಮಾ ಅಂಚೆಯಲ್ಲಿ ಬರುತ್ತದೆ. ಕ್ಯಾಮೆರಾ ಇಲ್ಲ, ಸಮಯದ ಮಿತಿ ಇಲ್ಲ. ತಪ್ಪು ಉತ್ತರ ಒತ್ತಿದರೆ ಸುಳಿವು ಕೊಟ್ಟು ಮತ್ತೆ ಒತ್ತಿ ಅನ್ನುತ್ತಿತ್ತು! ಆಗಲೇ ಎದ್ದು ಹೋಗಬೇಕಿತ್ತು, ಅಲ್ವಾ? ನನಗೆ ಆತುರ. ಒಂದು ಗಂಟೆಯಲ್ಲಿ ಪಾಸು. ವಾರಕ್ಕೆ ಚಿನ್ನದ ಬಣ್ಣದ ಮುದ್ರೆ ಒತ್ತಿದ ದಪ್ಪ ಕಾಗದ ಬಂತು, ಜೊತೆಗೆ ಅಂಕಪಟ್ಟಿ. ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತದ್ದಕ್ಕೂ ‘ಜೀವನಾನುಭವ’ ಅಂತ ಎ ಗ್ರೇಡ್ ಕೊಟ್ಟಿದ್ದರು. ಮಾನ್ಯತೆ ಇದೆಯಾ ಎಂದು ಮೊದಲೇ ಕೇಳಿದ್ದೆ. ಗಂಭೀರವಾದ ಒಂದು ಹೆಸರು ಹೇಳಿದ್ದರು. ಆ ಹೆಸರಿನ ಸಂಸ್ಥೆಯೂ ಅವರದೇ ಅಂತೆ.

ಕಾಲೇಜಿನ ಪ್ರವೇಶ ವಿಭಾಗದವರು ಎರಡೇ ದಿನದಲ್ಲಿ ಅದನ್ನು ವಾಪಸ್ ಕಳಿಸಿದರು. ಸರ್ಕಾರದ ನೆರವಿಗೆ ಹಾಕುವ ಫಾಫ್ಸಾ ಅರ್ಜಿಯಲ್ಲಿ ಹೈಸ್ಕೂಲ್ ಆಗಿದೆ ಎಂದು ಬರೆದುಬಿಟ್ಟಿದ್ದೆ, ಅದನ್ನೂ ತಿದ್ದಬೇಕಾಯಿತು. ವೆಬ್‌ಸೈಟಿನವರು ಫೋನ್ ಎತ್ತಲಿಲ್ಲ. ದುಡ್ಡಿಗಿಂತ ಆ ವರ್ಷ ಹೋದದ್ದೇ ಜಾಸ್ತಿ ಉರಿಯಿತು.

ಆಮೇಲೆ ಸರಿಯಾಗಿ ಜಿಇಡಿ ಬರೆದೆ. ಪಾಸಾದರೆ ಹೈಸ್ಕೂಲ್ ಮುಗಿಸಿದ್ದಕ್ಕೆ ಸಮ ಅಂತ ಒಪ್ಪುವ ಪರೀಕ್ಷೆ ಅದು. ಗಣಿತ, ಭಾಷೆ, ವಿಜ್ಞಾನ, ಸಮಾಜ ಅಂತ ನಾಲ್ಕು ವಿಷಯ. ಪ್ರತಿಯೊಂದರಲ್ಲೂ 200ಕ್ಕೆ 145 ಬರಬೇಕು. ಎಲ್ಲ ಸೇರಿ ಸುಮಾರು ಏಳು ಗಂಟೆ, ಆದರೆ ಒಂದೊಂದು ವಿಷಯ ಒಂದೊಂದು ದಿನ ಬರೆಯಬಹುದು. ಮನೆಯಿಂದ ಬರೆಯುವ ದಾರಿ ಇದರಲ್ಲೂ ಹಲವು ರಾಜ್ಯಗಳಲ್ಲಿ ಇದೆ. ಆದರೆ ಮೊದಲು ಅವರದೇ ಅಭ್ಯಾಸ ಪರೀಕ್ಷೆಯಲ್ಲಿ ‘ಹಸಿರು’ ಅಂಕ, ಅಂದರೆ ಪಾಸಾಗುವ ಸಾಧ್ಯತೆ ಇದೆ ಅನ್ನುವಷ್ಟು ಅಂಕ ಬರಬೇಕು, ಬರೆಯುವಾಗ ಕ್ಯಾಮೆರಾದಲ್ಲಿ ಒಬ್ಬರು ನೋಡುತ್ತಲೇ ಇರುತ್ತಾರೆ. ಕೆಲವು ರಾಜ್ಯಗಳಲ್ಲಿ ಹೈಸೆಟ್ ಅನ್ನೋ ಇನ್ನೊಂದು ಪರೀಕ್ಷೆಯೂ ನಡೆಯುತ್ತದೆ. ಎಸ್‌ಎಟಿಗೆ ಓದಿದ ಗಣಿತ ಇಲ್ಲಿ ಉಪಯೋಗಕ್ಕೆ ಬಂತು. ವಿಜ್ಞಾನದಲ್ಲಿ ಬಾಯಿಪಾಠ ಕಡಿಮೆ, ಗ್ರಾಫ್ ಓದಿ ಅರ್ಥ ಮಾಡಿಕೊಳ್ಳುವುದೇ ಜಾಸ್ತಿ.

ಇನ್ನೊಂದು ವಿಷಯ ಹೇಳಿದರೆ ನಗುತ್ತೀರಿ. ನಾನು ಈಗ ಸೇರಿರುವ ಕಮ್ಯುನಿಟಿ ಕಾಲೇಜು, ಅಂದರೆ ಹೆಚ್ಚಾಗಿ ಎರಡು ವರ್ಷದ ಕೋರ್ಸಿನ ಸ್ಥಳೀಯ ಕಾಲೇಜು, ಎಸ್‌ಎಟಿ ಅಂಕ ಕೇಳಲೇ ಇಲ್ಲ.

ಎಲ್ಲಿಗಾದರೂ ದುಡ್ಡು ಕಟ್ಟುವ ಮೊದಲು ನೀವು ಸೇರಬೇಕೆಂದಿರುವ ಕಾಲೇಜಿಗೇ ಫೋನ್ ಮಾಡಿ, ಈ ಪತ್ರ ನಡೆಯುತ್ತದಾ ಎಂದು ಹೆಸರು ಹಿಡಿದು ಕೇಳಿ. ನಾನು ಆ ಫೋನ್ ಮಾಡಿದ್ದು ದುಡ್ಡು ಕಟ್ಟಿ ಮೂರು ತಿಂಗಳಾದ ಮೇಲೆ.